ಕಲಬುರಗ್ಯಾಗ ನೋಡ್ಲಿಕ್ಕ ಏನದರಿ?

ಬೆಂಗಳೂರಿನ ನೆಂಟರೊಬ್ಬರು ಫೋನ್ ಮಾಡಿ, "ಮಕ್ಕಳಿಗೆ ದಸರಾ ರಜೆ, ಎರಡು ದಿನ ನಿಮ್ಮೂರಿಗೆ ಬರೋಣ ಅಂತಿದ್ದೀವಿ, ನೋಡೋಕೆ ಏನೇನಿದೆ?" ಅಂತ ಕೇಳಲಿ. ನಮ್ಮ ಕಲಬುರಗಿಯವನು ಉಸಿರು ತಗೊಳ್ಳಲಿಕ್ಕೂ ನಿಲ್ಲುವುದಿಲ್ಲ. "ಇಲ್ಲೇನದರಿ ನೋಡ್ಲಿಕ್ಕ? ಬಿಸಲದ, ಧೂಳದ. ನಾವೇ ಹೈದ್ರಾಬಾದಿಗಿ ಹೊಂಟೀವಿ!" ಇದರಲ್ಲಿ ವಿನಯವೆಷ್ಟು, ನೆಂಟರನ್ನು ತಪ್ಪಿಸುವ ಹಂಚಿಕೆಯೆಷ್ಟು ಎಂಬುದು ಅವನ ಹೆಂಡತಿಗೆ ಮಾತ್ರ ಗೊತ್ತು.

ಈ ಪ್ರಶ್ನೆಯನ್ನು ಮೊದಲು ಕೇಳಿದವರು ಬಹುಶಃ ಬಹಮನಿ ಸುಲ್ತಾನರೇ. 1347ರಲ್ಲಿ ಇಲ್ಲಿ ರಾಜ್ಯ ಕಟ್ಟಿದರು, ಕೋಟೆ ಬಲಪಡಿಸಿದರು, ಮಸೀದಿ ಎಬ್ಬಿಸಿದರು. ಮುಂದಿನ ಶತಮಾನದಲ್ಲಿ ಗಂಟುಮೂಟೆ ಕಟ್ಟಿಕೊಂಡು ಬೀದರಿಗೆ ಹೋದವರು ಮರಳಿ ಬರಲೇ ಇಲ್ಲ. ಅಂದಿನಿಂದ ನಮ್ಮ ಊರವರಿಗೂ ಅದೇ ಚಾಳಿ ಅಂಟಿಕೊಂಡಿದೆ. ನಾಲ್ಕು ದಿನ ರಜೆ ಸಿಕ್ಕರೆ ಸಾಕು, ಗಾಡಿ ಹೈದರಾಬಾದಿನ ಕಡೆಗೋ ಸೊಲ್ಲಾಪುರದ ಕಡೆಗೋ ಮೂತಿ ತಿರುಗಿಸುತ್ತದೆ. ಹೋಗಿ ಮಾಡುವುದೇನು? ಚಾರ್‌ಮಿನಾರದ ಗದ್ದಲದಲ್ಲಿ ಕೂಸಿನ ಒಂದು ಚಪ್ಪಲಿ ಕಳೆಯುವುದು, ಬಿರಿಯಾನಿಗಾಗಿ ಸಾಲಿನಲ್ಲಿ ನಿಂತು ಗಂಡ ಹೆಂಡತಿ ಜಗಳಾಡುವುದು, ಮೃಗಾಲಯದ ಸಿಂಹದ ಮುಂದೆ ಮಗು ಅಪ್ಪನ ಹೆಗಲ ಮೇಲೆ ಗೊರಕೆ ಹೊಡೆಯುವುದು. ಊರಿಗೆ ಬಂದಮೇಲೆ ಆಯಿ ಕೇಳುತ್ತಾಳೆ: "ಏನ್ ನೋಡಿದ್ಯೋ ತಮ್ಮಾ?" ತಮ್ಮ ಹೇಳುತ್ತಾನೆ: "ಲಿಫ್ಟ್!"

ಈಗ ಋತುವಿನ ಮಾತಿಗೆ ಬರೋಣ. ಶಾಲೆಯ ಪುಸ್ತಕದಲ್ಲಿ ಆಶ್ವಯುಜ-ಕಾರ್ತಿಕ ಅಂದರೆ ಶರದೃತು ಎಂದು ಬರೆದಿರುತ್ತದೆ. ನಮ್ಮ ಮಕ್ಕಳು ಅದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮಾರ್ಕ್ಸು ತಗೊಂಡು, ಹೊರಗೆ ಬಂದು ನೋಡಿದರೆ ಅದೇ ಬಿಸಿಲು. ಕಲಬುರಗಿಯಲ್ಲಿ ಇರುವುದು ಎರಡೇ ಋತು: ಬ್ಯಾಸಗಿ, ಮತ್ತು ಬ್ಯಾಸಗಿಗೆ ಮುಂಚಿನದು. ಆದರೂ ನಿಜ ಹೇಳಬೇಕೆಂದರೆ ಈ ಎರಡು ತಿಂಗಳು ಸೂರ್ಯನೂ ನಮ್ಮ ಮೇಲೆ ಅಷ್ಟಿಷ್ಟು ಕರುಣೆ ತೋರಿಸುತ್ತಾನೆ. ಮಳೆ ಹಿಂದೆಗೆದಿರುತ್ತದೆ, ಎರಿ ಹೊಲ ಇನ್ನೂ ಬಿರುಕು ಬಿಟ್ಟಿರುವುದಿಲ್ಲ, ತೊಗರಿ ಹಳದಿ ಹೂವು ಹೊತ್ತು ನಿಂತಿರುತ್ತದೆ. ರಸ್ತೆ ಬದಿಯ ಬುಟ್ಟಿಗಳಲ್ಲಿ ಸೀತಾಫಲ ಕಣ್ಣು ಬಿಡುತ್ತಿರುತ್ತದೆ. ಮುಂಜಾನೆ ಹತ್ತರ ತನಕ ಹೊರಗಿದ್ದರೆ ಯಾರೂ ಸಾಯುವುದಿಲ್ಲ. ಸಂಜೆ ಐದರ ಮೇಲೆ ಗಾಳಿಯೂ ಉಂಟು. ನಡುವಿನ ಹೊತ್ತು ನಿದ್ದೆಗೆ, ಅದು ಕಲಬುರಗಿಯ ಅಲಿಖಿತ ಕಾನೂನು.

ಸೀಸನ್ನು ಶುರುವಾಗುವುದು ಸೆಪ್ಟೆಂಬರ್ 17ಕ್ಕೆ. ದೇಶಕ್ಕೆ 1947ರ ಆಗಸ್ಟಿನಲ್ಲಿ ಬಂದ ಸ್ವಾತಂತ್ರ್ಯ ನಿಜಾಮನ ಸೀಮೆ ದಾಟಿ ನಮ್ಮ ತನಕ ಬರಲಿಕ್ಕೆ 1948ರ ಸೆಪ್ಟೆಂಬರ್ ಆಯಿತು. ಹೀಗಾಗಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಉಳಿದ ಕರ್ನಾಟಕದವರಿಗಿಂತ ಒಂದು ಧ್ವಜಾರೋಹಣ ಹೆಚ್ಚು. ವಿಮೋಚನೆಯ ಇತಿಹಾಸ ಒಂದನೇ ಇಯತ್ತೆಯವರಿಗೆ ಎಷ್ಟು ತಿಳಿಯುತ್ತದೋ ಬಿಡುತ್ತದೋ, ಒಂದು ಲಡ್ಡು ಹೆಚ್ಚು ಎಂಬ ಲೆಕ್ಕ ಮಾತ್ರ ಪಕ್ಕಾ.

ಊರೊಳಗೇ ತಿರುಗಾಡಿಸುವುದಾದರೆ ಅಪ್ಪಂದಿರು ಮೊದಲು ಹಿಡಿಯುವುದು ಕೋಟೆಯ ದಾರಿ. ಅಲ್ಲಿ 29 ಅಡಿ ಉದ್ದದ ತೋಫು ಇದೆ, ಜಗತ್ತಿನಲ್ಲೇ ಉದ್ದನೆಯದು ಎಂದು ನಮ್ಮ ವಾದ. ವಿಜಯಪುರದವರು ತಮ್ಮ ಮಲಿಕ್-ಎ-ಮೈದಾನದ ಬಗ್ಗೆ ಎದೆ ಉಬ್ಬಿಸಿದಾಗ ನಾವು ಮೆಲ್ಲಗೆ ಕೆಮ್ಮಿ, "ದಪ್ಪ ಅದ ಖರೇ, ಉದ್ದ ನಮ್ಮದರ ಅರ್ಧ" ಎನ್ನುತ್ತೇವೆ. ತೋಫಿನ ಮುಂದೆ ನಿಂತ ಅಪ್ಪನೊಳಗೆ ಇತಿಹಾಸದ ಪ್ರೊಫೆಸರ್ ಎಚ್ಚರಗೊಳ್ಳುತ್ತಾನೆ. ಅಲಾವುದ್ದೀನ್ ಹಸನ್, ಕಂದಕ, ಮುತ್ತಿಗೆ ಎಲ್ಲ ಆಗುತ್ತದೆ. ಮಗ ಒಂದೇ ಪ್ರಶ್ನೆ ಇಟ್ಟುಕೊಂಡಿರುತ್ತಾನೆ: "ಪಪ್ಪಾ, ಇದರಾಗ ನಾ ಹಿಡಸ್ತೀನೇನು?" ಉತ್ತರ ಬರುವುದರೊಳಗೆ ತಲೆ ತೂರಿಸಿರುತ್ತಾನೆ. ಅವನ ಕಾಲು ಹಿಡಿದು ಹೊರಗೆಳೆಯುವುದೇ ಆ ದಿನದ ದೊಡ್ಡ ಕಾಳಗ.

ಪಕ್ಕದಲ್ಲಿರುವ ಜಾಮಿಯಾ ಮಸೀದಿ 1367ರದ್ದು. ಮಸೀದಿ ಎಂದರೆ ನಡುವೆ ತೆರೆದ ಅಂಗಳ ಇರುವುದು ವಾಡಿಕೆ. ಇದಕ್ಕೆ ಅಂಗಳವೇ ಇಲ್ಲ, ಪೂರ್ತಿ ಸೂರಿನ ಕೆಳಗೆ, ಕಮಾನಿನ ಹಿಂದೆ ಕಮಾನು. ಬಿಸಿಲೂರಿನಲ್ಲಿ ಸೂರು ಬೇಕೆಂದು ಆ ಕಾಲದ ಶಿಲ್ಪಿಗೆ ಹೊಳೆದಿತ್ತು ಅಂತ ನನ್ನ ಊಹೆ, ನಮ್ಮ ಬಸ್ ನಿಲ್ದಾಣ ಕಟ್ಟುವವರಿಗೆ ಇನ್ನೂ ಹೊಳೆಯಬೇಕು. ಮಕ್ಕಳಿಗೆ ವಾಸ್ತುಶಿಲ್ಪದ ಪಾಠ ಬೇಡ. ಚಪ್ಪಲಿ ಹೊರಗೆ ಬಿಡಿಸಿ, "ಸದ್ದು ಮಾಡಬ್ಯಾಡ, ದೇವರ ಜಾಗ" ಎಂದು ಒಮ್ಮೆ ಹೇಳಿ, ತಣ್ಣನೆಯ ಕಲ್ಲಿನ ಮೇಲೆ ಬರಿಗಾಲಲ್ಲಿ ಬಿಟ್ಟುಬಿಡಿ. ಕಂಬ ಎಣಿಸುತ್ತ ಹೋಗಿ ಲೆಕ್ಕ ತಪ್ಪುತ್ತಾರೆ, ಮತ್ತೆ ಮೊದಲಿನಿಂದ. ನಿಮಗೆ ಅರ್ಧ ತಾಸು ಪುಕ್ಕಟೆ ವಿಶ್ರಾಂತಿ.

ಜಿಲ್ಲಾ ವಿಜ್ಞಾನ ಕೇಂದ್ರದ ವಿಷಯ ಬೇರೆ. 1984ರಿಂದ ಇದೆ. ಇಂದಿನ ಅಪ್ಪಂದಿರು ಅಂದಿನ ಶಾಲಾ ಪ್ರವಾಸದಲ್ಲಿ ಸಾಲಾಗಿ ಕೈ ಹಿಡಿದು ಬಂದವರೇ. ಅಲ್ಲಿ ಹೋದರೆ ಮಗನಿಗಿಂತ ಅಪ್ಪನೇ ಬಟನ್ ಒತ್ತುವುದು ಹೆಚ್ಚು. ಅಪ್ಪನ ಕೆರೆಯ ದಂಡೆ ಸಂಜೆಯ ಹೊತ್ತಿಗೆ ಸರಿ, ಜೊತೆಗೆ ಮಿರ್ಚಿ ಭಜಿಯ ವಾಸನೆ ಬಂದರೆ ಯಾರ ಸಂಯಮವೂ ಉಳಿಯುವುದಿಲ್ಲ. ಸೇಡಂ ರಸ್ತೆಯ ಬುದ್ಧವಿಹಾರಕ್ಕೆ ವಿಜಯದಶಮಿಯ ಸುತ್ತಮುತ್ತ ಹೋದರೆ ಒಂದು ಅನುಕೂಲ. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ದೀಕ್ಷೆ ತೆಗೆದುಕೊಂಡ ದಿನದ ನೆನಪಿಗೆ ಬಿಳಿ ಸೀರೆ ಉಟ್ಟು ಬಂದ ಅಮ್ಮಂದಿರ ನಡುವೆ ನಿಮ್ಮ ಕೂಸು ಎಲ್ಲಿ ಓಡಿದರೂ ಯಾರೋ ಒಬ್ಬ ಆಯಿ ಹಿಡಿದು ಕೂಡಿಸಿಕೊಂಡಿರುತ್ತಾಳೆ.

ಇನ್ನು ದಸರೆಯ ಸೀಮೋಲ್ಲಂಘನ. ಹಿಂದಿನ ರಾಜರು ವಿಜಯದಶಮಿಗೆ ಸೀಮೆ ದಾಟಿ ದಂಡಯಾತ್ರೆ ಹೊರಡುತ್ತಿದ್ದರಂತೆ. ನಮ್ಮ ಮನೆಯ ರಾಜನಿಗೆ ಸೀಮೆ ದಾಟಲು ಕಮಲಾಪುರ ಸಾಕು, ಹುಮನಾಬಾದ್ ರಸ್ತೆಯಲ್ಲಿ ನಲವತ್ತು ಕಿಲೋಮೀಟರಿನೊಳಗೆ. ಇದಕ್ಕೆ ಕಾರು ಬೇಡ, ಕೆಂಪು ಬಸ್ಸು ಹತ್ತಿ. ಕಾರಣ ಪರಿಸರ ಪ್ರೇಮ ಅಂತ ತಿಳಿಯಬೇಡಿ. 2023ರ ಜೂನಿನಿಂದ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನೊಳಗಿನ ಕುಟುಂಬ ವ್ಯವಸ್ಥೆಯೇ ತಲೆಕೆಳಗಾಗಿದೆ. ಅವ್ವನಿಗೆ ಶೂನ್ಯ ಟಿಕೆಟು, ಆಯಿಗೆ ಶೂನ್ಯ, ಅತ್ತೆಗೆ ಶೂನ್ಯ, ಮಗಳಿಗೆ ಶೂನ್ಯ, ಆರು ತುಂಬದ ಮಗನಿಗೆ ಹೇಗೂ ಟಿಕೆಟಿಲ್ಲ. ಇಡೀ ಪರಿವಾರದಲ್ಲಿ ದುಡ್ಡು ಕೊಡುವ ಏಕೈಕ ಪ್ರಾಣಿ ಅಪ್ಪ. ಕಂಡಕ್ಟರ್ ಅವನ ಮುಂದೆ ಕೈಚಾಚಿದಾಗ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ನಗುತ್ತಾಳೆ. ಅಪ್ಪನೂ ಸುಮ್ಮನಿರುವವನಲ್ಲ: "ರೊಕ್ಕ ಕೊಟ್ಟಾವ ನಾ ಒಬ್ಬನೇ, ಕಿಟಕಿ ಸೀಟ್ ನಂದು!" ಆ ಸೀಟಿನಲ್ಲಿ ಅಷ್ಟೊತ್ತಿಗೆ ಮಗಳು ಕೂತು ಚುರಮುರಿ ತಿನ್ನುತ್ತಿರುತ್ತಾಳೆ.

ಕುರಿಕೋಟಾ ಸೇತುವೆ ಬಂದಾಗ ಬಸ್ಸಿಗೆ ಬಸ್ಸೇ ಒಂದು ಕಡೆ ಹಣಕಿ ಹಾಕುತ್ತದೆ. ಮಳೆ ಚೆನ್ನಾಗಿ ಆದ ವರ್ಷ ಬೆಣ್ಣೆತೊರಾ ತುಂಬಿ ನಿಂತಿರುತ್ತದೆ, ನಮ್ಮ ಕಡೆಯವರಿಗೆ ಅಷ್ಟು ನೀರು ಒಟ್ಟಿಗೆ ಕಾಣುವುದೇ ಒಂದು ಜಾತ್ರೆ. ಮುಂದೆ ಹೊಳಕುಂದಾದಲ್ಲಿ ಬಹಮನಿ ಕಾಲದ ಗುಮ್ಮಟಗಳು. ಇಳಿದು ನೋಡುವಂಥವೇ, ಆದರೆ ಅಷ್ಟೊತ್ತಿಗೆ ಮಗನಿಗೆ ಒಂದಕ್ಕೆ ಬಂದಿರುತ್ತದೆ, ಪುರಾತತ್ವ ಮುಂದೂಡಲ್ಪಡುತ್ತದೆ.

ಕಮಲಾಪುರದಲ್ಲಿ ಇಳಿದರೆ ಕೆಂಪು ಬಾಳೆ. ಜಿಐ ಟ್ಯಾಗ್ ಪಡೆದ ಹಣ್ಣು, ಬರೀ ಈ ಸೀಮೆಯ ಮಣ್ಣಿಗೆ ಒಗ್ಗಿದ್ದು. ಹಳದಿ ಬಾಳೆಯನ್ನಷ್ಟೇ ಕಂಡ ಕೂಸುಗಳು ಮೊದಲ ಸಲ ನೋಡಿದಾಗ "ಇದಕ್ಕ ಯಾರು ಬಣ್ಣ ಹಚ್ಯಾರ?" ಎಂದು ಉಗುರಿನಿಂದ ಕೆರೆದು ನೋಡುತ್ತವೆ. ಸಿಪ್ಪೆ ಕೆಂಪು, ಒಳಗೆ ಮಾತ್ರ ಕೆನೆಬಣ್ಣ, ಅದನ್ನು ಕಂಡು ಅರ್ಧ ಮಕ್ಕಳಿಗೆ ಮೋಸವಾದಂತೆ ಅನಿಸುತ್ತದೆ. ದೊಡ್ಡವರಿಗೆ ಮೋಸ ಅನಿಸುವುದು ದರ ಕೇಳಿದಾಗ. ಹಿಂದಿನಿಂದಲೂ ಇದಕ್ಕೆ ಸಾಹುಕಾರರ ಹಣ್ಣು ಎಂಬ ಹೆಸರು. "ಒಂದು ಬಾಳಿಹಣ್ಣಿಗಿ ಇಷ್ಟಾ?" ಎಂದು ಅಪ್ಪ ಹುಬ್ಬೇರಿಸಿದರೆ ಮಾರುವವ ಶಾಂತವಾಗಿ ಹೇಳುತ್ತಾನೆ: "ಒಂದೂವರಿ ವರ್ಷ ಬೇಕ್ರಿ ಸಾಹೇಬ್ರ ಇದು ಗೊನಿ ಕೊಡ್ಲಿಕ್ಕ. ಉಳದ ಬಾಳಿ ವರ್ಷದಾಗ ಮುಗಸ್ತಾವ." ಅವ್ವನ ಕಂಕುಳಲ್ಲಿರುವ ಕೂಸಿಗೂ ಸರಿಯಾಗಿ ಒಂದೂವರೆ ವರ್ಷ. ಅದೇ ಅವಧಿಯಲ್ಲಿ ಬಾಳೆ ಮಣ್ಣಿನಿಂದ ಎದ್ದು ಗೊನೆ ಹಾಕಿದರೆ, ಕೂಸು ಎದ್ದು ನಡೆದು ಎರಡು ಮೊಬೈಲು ಒಡೆದಿದೆ. ಈ ಲೆಕ್ಕದಲ್ಲಿ ಬಾಳೆ ಸೋವಿಯೇ. ಅಪ್ಪ ಬಾಯಿ ಮುಚ್ಚಿಕೊಂಡು ರೊಕ್ಕ ತೆಗೆಯುತ್ತಾನೆ. ಸೀತಾಫಲವನ್ನೂ ಕೊಳ್ಳುತ್ತಾನೆ. ಸಣ್ಣ ಮಕ್ಕಳಿಗೆ ಸೀತಾಫಲ ತಿನ್ನಿಸುವುದು ಎಂದರೆ ಬೀಜ ಆರಿಸುವ ನೌಕರಿ, ಪಗಾರವಿಲ್ಲದ್ದು.

ಬುತ್ತಿ ಬಿಚ್ಚುವುದು ಎಲ್ಲಿ ಎಂಬುದು ಆಮೇಲಿನ ಚರ್ಚೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಪಲ್ಯ. ಮಕ್ಕಳಿಗೆಂದು ಪ್ರತ್ಯೇಕವಾಗಿ ಕಟ್ಟಿದ ಮಾಲ್ದಿಯನ್ನು ಸಕ್ಕರೆ ಕಾಯಿಲೆಯ ಆಯಿ ಖಾಲಿ ಮಾಡಿರುತ್ತಾಳೆ, ಕೇಳಿದರೆ "ಕೆಟ್ಟದೇನ್ ಅಂತ ನೋಡ್ಲತಿದ್ದೆ" ಎನ್ನುತ್ತಾಳೆ.

ಮರಳುವಾಗ ರೈಲು. ಕಲಬುರಗಿ-ಬೀದರ್ ಮಾರ್ಗ, 110 ಕಿಲೋಮೀಟರು. ಎರಡು ದಶಕ ಕಾಯಿಸಿ 2017ರ ಅಕ್ಟೋಬರಿನಲ್ಲಿ ಶುರುವಾಯಿತು. ಕೆಂಪು ಬಾಳೆಯ ಒಂದೂವರೆ ವರ್ಷಕ್ಕೆ ಹುಬ್ಬೇರಿಸಿದವರು ಇದನ್ನೂ ನೆನಪಿಡಿ. ಸ್ವಲ್ಪ ಹುರುಪಿದ್ದರೆ ಕಮಲಾಪುರದಿಂದ ಉಲ್ಟಾ ಹುಮನಾಬಾದಿನ ಕಡೆಗೇ ರೈಲು ಹತ್ತಿ, ವೇಳೆ ನೋಡಿಕೊಂಡು ವಾಪಸಾಗಿ. ಮರಗುತ್ತಿಯ ಹತ್ತಿರ ಒಂದೂವರೆ ಕಿಲೋಮೀಟರಿಗೂ ಉದ್ದದ ಸುರಂಗ ಸಿಗುತ್ತದೆ. ಬಯಲುಸೀಮೆಯ ಮಕ್ಕಳಿಗೆ ಸುರಂಗ ಅಂದರೆ ಬರೀ ಕಾರ್ಟೂನು. ಕತ್ತಲಾದ ಕೂಡಲೇ ಡಬ್ಬಿಯ ಅಷ್ಟೂ ಮಕ್ಕಳು ಒಟ್ಟಿಗೆ "ಹೋ" ಎಂದು ಕೂಗುತ್ತವೆ. ಯಾರು ಕಲಿಸಿದರು ಇದನ್ನು? ಯಾವ ಶಾಲೆಯಲ್ಲೂ ಇಲ್ಲ, ಎಲ್ಲ ಮಕ್ಕಳಿಗೂ ಬರುತ್ತದೆ. ಅವುಗಳ ನಡುವೆ ಒಂದು ದಪ್ಪ ದನಿಯೂ ಕೇಳಿಸುತ್ತದೆ. ಬೆಳಕು ಬಂದಾಗ ಅಪ್ಪ ಗಂಭೀರವಾಗಿ ಕಿಟಕಿಯ ಹೊರಗೆ ತೊಗರಿ ನೋಡುತ್ತಿರುತ್ತಾನೆ.

ಸಂಜೆ ಬನ್ನಿ ಹಂಚುವ ಹೊತ್ತಿಗೆ ಊರಿನಲ್ಲಿರಬೇಕು. ಅದು ಮಕ್ಕಳ ವರ್ಷದ ದೊಡ್ಡ ವ್ಯಾಪಾರ. ಕಿಸೆ ತುಂಬ ಬನ್ನಿ ಎಲೆ, ಮನೆ ಮನೆಗೆ ಹೋಗಿ "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಎನ್ನುವುದು, ಕಾಲಿಗೆ ಬೀಳುವುದು, ತಲೆ ಎತ್ತುವಾಗ ಕಣ್ಣು ಎದುರಿನವರ ಕೈಯ ಮೇಲೆ. ಹತ್ತು ಕೊಡುವ ಮನೆ ಯಾವುದು, ನೂರು ಕೊಡುವ ಮನೆ ಯಾವುದು, ಬರೀ ಆಶೀರ್ವಾದ ಕೊಡುವ ಮನೆ ಯಾವುದು ಎಂಬುದರ ಪಟ್ಟಿ ಓಣಿಯ ಮಕ್ಕಳಲ್ಲಿ ಬಾಯಿಂದ ಬಾಯಿಗೆ ಹರಿದಾಡುತ್ತದೆ. ಈಗ ಕೆಲವರು ಮೊಬೈಲಿನಲ್ಲಿ ಬನ್ನಿಯ ಚಿತ್ರ ಕಳಿಸಿ ಕೈ ತೊಳೆದುಕೊಳ್ಳುತ್ತಾರೆ. ಮಕ್ಕಳ ದೃಷ್ಟಿಯಲ್ಲಿ ಅದು ಶುದ್ಧ ತೆರಿಗೆ ವಂಚನೆ.

ದೀಪಾವಳಿಗೆ ಸಗಣಿಯ ಪಾಂಡವರು ಬರುತ್ತಾರೆ. ಫ್ಲ್ಯಾಟಿನ ಅವ್ವಂದಿರಿಗೆ ಸಗಣಿ ಎಲ್ಲಿಂದ? ಭಾನುವಾರ ಮುಂಜಾನೆ ಮಕ್ಕಳನ್ನು ಕರೆದುಕೊಂಡು ಯಾರದೋ ಕೊಟ್ಟಿಗೆಗೆ ಹೋಗುವುದೂ ಒಂದು ಪ್ರವಾಸವೇ. ಐದು ಪಾಂಡವರಲ್ಲಿ ಭೀಮನನ್ನು ಯಾರು ಮಾಡಬೇಕೆಂದು ಅಕ್ಕ ತಮ್ಮನಿಗೆ ಕುರುಕ್ಷೇತ್ರವಾಗುತ್ತದೆ. ಮುಂದೆ ಕಾರ್ತಿಕದ ಗೌರಿ ಹುಣ್ಣಿಮೆಗೆ ಅಂಗಡಿಗಳಲ್ಲಿ ಸಕ್ಕರೆಯ ಆನೆ, ಗಿಳಿ, ಗುಡಿ. ಆರತಿ ಮುಗಿಯುವ ತನಕ ಮುಟ್ಟಬಾರದೆಂದು ಕಟ್ಟಪ್ಪಣೆ. ಆರತಿಯ ಹೊತ್ತಿಗೆ ಆನೆಗೆ ಸೊಂಡಿಲಿರುವುದಿಲ್ಲ, ಇರುವೆ ತಿಂದಿದೆ ಎಂಬ ಹೇಳಿಕೆ ಬರುತ್ತದೆ, ಇರುವೆಯ ಗದ್ದಕ್ಕೆ ಗುಲಾಬಿ ಬಣ್ಣ ಅಂಟಿರುತ್ತದೆ.

ಹೊಲದಲ್ಲಿ ಕೂತು ಉಣ್ಣುವ ಆಸೆಗೆ ಸೀಗಿ ಹುಣ್ಣಿಮೆಯೂ ಇದೆ. ಆದರೆ ಕಲಬುರಗಿ ಮಂದಿಗೆ ಚರಗ ಎಂದರೆ ಎಳ್ಳ ಅಮವಾಸಿಯೇ, ಅದು ಚಳಿಗಾಲಕ್ಕೆ. ಅವತ್ತು ಇಡೀ ಊರೇ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಕಡುಬು ಕಟ್ಟಿಕೊಂಡು ಹೊಲಕ್ಕೆ ನಡೆದಿರುತ್ತದೆ, ರಸ್ತೆಗಳು ಖಾಲಿ ಹೊಡೆಯುತ್ತಿರುತ್ತವೆ. ಸ್ವಂತ ಹೊಲ ಇಲ್ಲದವರಿಗೆ ಒಂದು ಖಾಸಗಿ ಸಲಹೆ: ಹೊಲ ಇರುವ ಗೆಳೆಯನ ಮನೆಗೆ ಈ ದಸರೆಗೇ ಬನ್ನಿ ತಗೊಂಡು ಹೋಗಿ. ದೀಪಾವಳಿಗೆ ಅವರ ಮಕ್ಕಳಿಗೆ ಸುರಸುರಬತ್ತಿ ಕೊಡಿಸಿ. ಕಾರ್ತಿಕದಲ್ಲಿ "ತೊಗರಿ ಹ್ಯಾಂಗದರಿ ಈ ವರ್ಷ?" ಎಂದು ಕಾಳಜಿಯಿಂದ ಕೇಳಿ, ಕಾಯಿಕೊರಕ ಹುಳದ ಬಗ್ಗೆ ಅವನು ಹೇಳುವುದನ್ನೆಲ್ಲ ಪೂರ್ತಿ ಕೇಳಿಸಿಕೊಳ್ಳಿ. "ನಮ್ಮ ಹೊಲಕ್ಕ ಬರ್ರಿ, ಮಕ್ಕಳನ್ನೂ ಕರ್ಕೊಂಡ ಬರ್ರಿ" ಎಂಬ ಕರೆ ಅಮವಾಸಿಗೆ ಎಂಟು ದಿನ ಮುಂಚೆ ತಾನಾಗಿ ಬರುತ್ತದೆ. ಅವಸರದಲ್ಲಿ ಹಿಂದಿನ ದಿನ ಫೋನ್ ಮಾಡಿದರೆ ಅವನೂ ಕಲಬುರಗಿಯವನೇ, "ನಾವು ಹೈದ್ರಾಬಾದಿಗಿ ಹೊಂಟೀವ್ರಿ" ಎಂದುಬಿಟ್ಟಾನು.