ಸ್ಪ್ರಿಂಗ್ ಮಿತಾಕ್ಷರ

ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ದಾರಿಯಲ್ಲಿ, ದೇವಲ ಗಾಣಗಾಪುರಕ್ಕೆ ತಿರುಗುವ ಚೌಡಾಪುರದಲ್ಲಿ ಹುಣ್ಣಿಮೆಯ ದಿನ ನಿಂತರೆ, ಲೋಕದ ಸಕಲ ಸ್ಪ್ರಿಂಗುಗಳೂ ಎರಡೇ ವರ್ಗವೆಂಬುದು ಮನದಟ್ಟಾಗುತ್ತದೆ. ಭಾರ ಹೊತ್ತು ಕಿರುಗುಟ್ಟುವ ಪ್ರಕಟ ಸ್ಪ್ರಿಂಗು: ದತ್ತನ ಭಕ್ತರನ್ನು ಹೇರಿಕೊಂಡ ಜೀಪಿನ ಪಾಟಾ. ಸದ್ದಿಲ್ಲದೆ ಕಾಯುವ ಗುಪ್ತ ಸ್ಪ್ರಿಂಗು: ಬಂದೋಬಸ್ತಿನ ಸಾಹೇಬರ ಸೊಂಟದ ಪಿಸ್ತೂಲಿನದು. ಮೊದಲನೆಯದರ ಶಾಸ್ತ್ರ ಗ್ಯಾರೇಜಿನವರಿಗೆ ಬಾಯಿಪಾಠ. ಎರಡನೆಯದಕ್ಕೆ ಈ ಭಾಷ್ಯ.

ಪ್ರಮಾಣಗ್ರಂಥಕ್ಕೆ ದೂರ ಹೋಗಬೇಕಿಲ್ಲ. ಆಸ್ತಿಯ ಪಾಲು ಹೇಳುವ ಮಿತಾಕ್ಷರ ಬರೆದ ವಿಜ್ಞಾನೇಶ್ವರ ನಮ್ಮ ಜಿಲ್ಲೆಯ ಮರತೂರಿನವನು. ಪಿಸ್ತೂಲಿನೊಳಗೆ ನಡೆಯುವುದೂ ಪಾಲಿನ ವ್ಯಾಜ್ಯವೇ. ತೋಟಾ ಸಿಡಿದಾಗ ಹುಟ್ಟುವ ಬಲ ಪಿತ್ರಾರ್ಜಿತ, ಸ್ಪ್ರಿಂಗುಗಳು ವಾರಸುದಾರರು. ದೇಶದ ಪೊಲೀಸರು ಬಹುಕಾಲ ಬಳಸಿದ 9 ಎಂ.ಎಂ. ‘1ಎ’ ಪಿಸ್ತೂಲು 1935ರ ಬ್ರೌನಿಂಗ್ ಹೈಪವರ್‌ನ ವಂಶದ್ದು. ತಯಾರಾದದ್ದು ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯಲ್ಲಿ. ಬಂಗಾಳದ್ದು ದಾಯಭಾಗ ಪದ್ಧತಿ, ಅಪ್ಪ ತೀರಿದ ಮೇಲೆ ಮಕ್ಕಳಿಗೆ ಹಕ್ಕು. ಪಿಸ್ತೂಲು ಮಾತ್ರ ಹುಟ್ಟಿನಿಂದಲೇ ಹಕ್ಕೆನ್ನುವ ಅಪ್ಪಟ ಮಿತಾಕ್ಷರಿ: ಮೇಲ್ಭಾಗದ ಸ್ಲೈಡು ಹಿಂದಕ್ಕೆ ಹೊರಟ ಕ್ಷಣದಿಂದಲೇ ಪಾಲು ಕೇಳುವವರು ಎದ್ದು ನಿಲ್ಲುತ್ತಾರೆ.

ಹಿರಿಯ ಮಗ ರಿಕಾಯಿಲ್ ಸ್ಪ್ರಿಂಗು. ಸ್ಲೈಡನ್ನು ತಡೆಯುವುದು, ಮರಳಿ ತಳ್ಳಿ ಹೊಸ ತೋಟಾ ತುಂಬುವುದು ಇವನ ಕರ್ತವ್ಯ. ಸ್ಲೈಡು ಪೂರ್ತಿ ಹಿಂದೆ ಸರಿದಾಗ ಒಡ್ಡುವ ಬಲವೇ ಇವನ ತೂಕ; .45ರ ಕೋಲ್ಟ್ 1911ರಲ್ಲಿ ಅದು 16 ಪೌಂಡ್, ಸುಮಾರು ಏಳೂಕಾಲು ಕಿಲೋ. ಬಲ ಹೆಚ್ಚಾದರೆ ಸ್ಲೈಡು ಅರ್ಧದಾರಿಯಲ್ಲೇ ಮರಳುತ್ತದೆ, ಖಾಲಿ ತೋಟಾ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ. ಕಡಿಮೆಯಾದರೆ ಸ್ಲೈಡು ಚೌಕಟ್ಟಿಗೆ ಬಡಿಯುತ್ತದೆ. ಒಳಗೆ ಧೂಳಿದ್ದರೆ, ನಮ್ಮ ಸೀಮೆಯಲ್ಲಿ ಅದಕ್ಕೇನು ಬರವಿಲ್ಲ, ಪೂರ್ತಿ ಮುಚ್ಚುವುದೂ ಇಲ್ಲ.

ಎರಡನೆಯವನು ಸುತ್ತಿಗೆಯ ಸ್ಪ್ರಿಂಗು. ಮನೆ ಮುರಿಯುವುದು ಇವನ ಹೆಸರಿನಲ್ಲಿ. ಟ್ರಿಗರ್ ಬಿಗಿ ಎಂದು ಬೆರಳಿನ ಪಕ್ಷದವರು ದೂರುತ್ತಾರೆ, ಇವನನ್ನು ಇಳಿಸಿ ಹಗುರದವನನ್ನು ಕೂರಿಸುತ್ತಾರೆ. ಟ್ರಿಗರ್ ಮೃದುವಾಗುವುದು ನಿಜ: ಸುತ್ತಿಗೆ ಹಿಡಿದಿರುವ ಕೊಕ್ಕೆಯ ಮೇಲಿನ ಒತ್ತಡ ತಗ್ಗುತ್ತದೆ. ಆದರೆ ಪೆಟ್ಟೂ ತಗ್ಗುತ್ತದೆ. ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ಗಟ್ಟಿಯಾಗಿರುವ ತೋಟಾ ಬಂದ ದಿನ ಬರೀ ‘ಟಕ್’, ಢಮಾರಿಲ್ಲ. ಇನ್ನೊಂದು ಗುಟ್ಟಿದೆ. ಹಿಂದೆ ಸರಿಯುವ ಸ್ಲೈಡೇ ಸುತ್ತಿಗೆಯನ್ನೂ ಬಗ್ಗಿಸಬೇಕು, ಅಂದರೆ ತಡೆಯುವ ಕೆಲಸದಲ್ಲಿ ತಮ್ಮನದೂ ಪಾಲಿದೆ. ತಮ್ಮ ಸಡಿಲಾದರೆ ಸ್ಲೈಡು ಬೇಗ ಧಾವಿಸುತ್ತದೆ, ಅಣ್ಣನಿಗೆ ಹೊರೆ. ಪ್ರತ್ಯೇಕ ಖಾತೆ ಮಾಡಿಕೊಡಿ ಎಂದು ಕೇಳುವ ಹಾಗಿಲ್ಲ.

ಮೂರನೆಯದು ಕೊಕ್ಕೆಯ ಸ್ಪ್ರಿಂಗು. ಇದನ್ನು ಹಗುರ ಮಾಡುವವರ ಪಕ್ಕ ನಿಲ್ಲಬಾರದು. ಕೊಕ್ಕೆ ಸುತ್ತಿಗೆಯನ್ನು ಹಿಡಿಯದೆ ಹೋದೀತು.

ನಾಲ್ಕನೆಯ ಮ್ಯಾಗಜಿನ್ ಸ್ಪ್ರಿಂಗು ಹದಿಮೂರು ತೋಟಾ ಹೊತ್ತ ಬಡಪಾಯಿ. ಅಣ್ಣನನ್ನು ಬಲಪಡಿಸಿದರೆ ಸ್ಲೈಡು ಮುಂದಕ್ಕೆ ರಭಸದಿಂದ ಬರುತ್ತದೆ. ಅಷ್ಟರೊಳಗೆ ಇವನು ತೋಟಾವನ್ನು ಮೇಲೆತ್ತದಿದ್ದರೆ ಸ್ಲೈಡು ಬರಿಗೈಲಿ ಮುಚ್ಚುತ್ತದೆ. ತುಂಬಿಟ್ಟರೆ ಇವನು ಸಾಯುತ್ತಾನೆ ಎಂಬುದು ಪೂರ್ವಪಕ್ಷ. ಒಳ್ಳೆಯ ಉಕ್ಕು ಮಿತಿಯೊಳಗೆ ಸುಮ್ಮನೆ ಒತ್ತಿಕೊಂಡಿರುವುದಕ್ಕಿಂತ ಪದೇ ಪದೇ ಒತ್ತಿ ಬಿಡುವುದರಿಂದಲೇ ಹೆಚ್ಚು ದಣಿಯುತ್ತದೆ ಎಂಬುದು ಸಿದ್ಧಾಂತ.

ಇನ್ನು ಬೆರಳಿನ ಸುಖ. ಮೊದಲ ಸಡಿಲು, ಆಮೇಲೆ ಗೋಡೆ, ಗೋಡೆಯಾಚೆಯ ಜಾರು, ಕೊನೆಗೆ ಬಿಡುಗಡೆ ಎಂದು ನಾಲ್ಕು ಅವಸ್ಥೆ. ರಸಿಕರು ಇದನ್ನು ಗ್ರಾಂನಲ್ಲಿ ತೂಗುತ್ತಾರೆ: ಒಲಿಂಪಿಕ್ಸಿನ 10 ಮೀಟರ್ ಏರ್ ಪಿಸ್ತೂಲಿಗೆ ಕನಿಷ್ಠ 500, 25 ಮೀಟರಿನದಕ್ಕೆ 1000. ಸೊಂಟದಲ್ಲಿ ದಿನವಿಡೀ ತಿರುಗುವ ಗ್ಲಾಕ್‌ಗೆ ಸುಮಾರು ಎರಡೂವರೆ ಕಿಲೋ. ಹೈಪವರ್‌ನ ಟ್ರಿಗರ್ ಒರಟೆನಿಸಿದರೆ ಅಪರಾಧಿ ಸ್ಪ್ರಿಂಗೇ ಆಗಬೇಕಿಲ್ಲ. ಮ್ಯಾಗಜಿನ್ ತೆಗೆದಾಗ ಗುಂಡು ಹಾರದಂತೆ ಇಟ್ಟ ಪುಟ್ಟ ತಡೆ ಮ್ಯಾಗಜಿನ್ನಿಗೆ ಉಜ್ಜುತ್ತಿರುತ್ತದೆ. ಪಾಲಿಲ್ಲದ ನೆಂಟನೇ ಜಗಳಕ್ಕೆ ಮುಂದು.

ತೀರ್ಪು: ಪದಕಕ್ಕೆ ಹೊಡೆಯುವವರು ಟ್ರಿಗರ್ ಹಗುರ ಮಾಡಿಕೊಳ್ಳಲಿ. ಕರ್ತವ್ಯದ ಪಿಸ್ತೂಲಿಗೆ ಕಾರ್ಖಾನೆಯ ತೂಕವೇ ಸರಿ. ತೊಡಕು ಕಂಡರೆ ಮೊದಲು ಮ್ಯಾಗಜಿನ್ ಸ್ಪ್ರಿಂಗು ನೋಡಿಸಿ, ಅದೂ ಆರ್ಮರರ್ ಕೈಯಿಂದ.