ಕಾಮಿಕ್ಸ್ ಕಾಕಾನ ಲಿಲಾವು

ಬೈಲಹೊಂಗಲದಲ್ಲಿ ಒಬ್ಬ ಕಾಮಿಕ್ಸ್ ಕಾಕಾ ಇದ್ದಾರೆ. ಕಿತ್ತೂರಿನಲ್ಲೂ ಒಬ್ಬರು, ಸವದತ್ತಿಯಲ್ಲೂ ಒಬ್ಬರು, ರಾಮದುರ್ಗದಲ್ಲಂತೂ ಇರಲೇಬೇಕು. ಅಡ್ಡಹೆಸರು, ಓಣಿ ಬೇರೆಯಾದರೂ ಆಸಾಮಿ ಒಬ್ಬರೇ. ಹೆಗಲಿಗೆ ಬಟ್ಟೆಯ ಚೀಲ, ಚೀಲದಲ್ಲಿ ಭೂತಗನ್ನಡಿ, ಮೆತ್ತನೆಯ ಬ್ರಷ್, ಒಂದಿಷ್ಟು ಪ್ಲಾಸ್ಟಿಕ್ ಹಾಳೆ. ಓಣಿಯ ತಿರುವಿನಲ್ಲಿ ಮೊದಲು ಡಾಂಬರ ಗುಳಿಗೆಯ ವಾಸನೆ ಬರುತ್ತದೆ, ಆಮೇಲೆ ಕಾಕಾ ಬರುತ್ತಾರೆ. ಊರಿನ ಉಳಿದ ರಿಟೈರ್ಡ್ ಮಂದಿ ವಾಕಿಂಗ್ ಮುಗಿಸಿ ಯಾರ ಶುಗರ್ ಎಷ್ಟು ಎಂದು ಹೋಲಿಸುತ್ತಿರುವಾಗ, ಇವರು ರದ್ದಿ ಅಂಗಡಿಯ ತಕ್ಕಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಹತ್ತನೆಯ ಇಯತ್ತೆಯ ಗೈಡುಗಳ ರಾಶಿಯೊಳಗಿಂದ ಏನನ್ನೋ ಎಳೆಯುತ್ತಿರುತ್ತಾರೆ.

"ಏನ್ ಹುಡಕಾಕತ್ತೀರಿ ಕಾಕಾ?"

"ಬಂಗಾರ."

"ಬಂಗಾರ ಇವತ್ತ ಕೆ.ಜಿ.ಗೆ ಹದಿನೆಂಟು ರೂಪಾಯಿ ಐತಿ ನೋಡ್ರಿ," ಎನ್ನುತ್ತಾನೆ ಅಂಗಡಿಯವನು. ಅವನಿಗಿದು ರೂಢಿಯಾಗಿದೆ.

ಹೊಂಗಲದ ಕಾಕಾ ಹತ್ತಿಯ ದಲಾಲಿ ಅಂಗಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಹಳೆಯ ಕಾಮಿಕ್ಸ್ ಕೂಡಿಸುವ ಚಟ ಹತ್ತಿದ್ದು ಮಾತ್ರ ಅದಕ್ಕೂ ಮೊದಲು, ಬೆಳಗಾವಿಯಲ್ಲಿ ಕಾಲೇಜು ಕಲಿಯುವಾಗ. ಕ್ಯಾಂಪಿನ ಹಳೇ ಪುಸ್ತಕದ ಅಂಗಡಿಯೊಂದರಲ್ಲಿ ಒಂದು 'ಕಮಾಂಡೋ' ಸಿಕ್ಕಿತು. ಸ್ಕಾಟ್ಲೆಂಡಿನ ಡಂಡೀ ಊರಿನ ಡಿ.ಸಿ. ಥಾಮ್ಸನ್ ಕಂಪನಿ 1961ರಲ್ಲಿ ಶುರು ಮಾಡಿದ, ಅಂಗಿಯ ಕಿಸೆಯಲ್ಲಿ ಹಿಡಿಸುವ ಯುದ್ಧದ ಚಿತ್ರಕಥೆ ಅದು. ಅದರಲ್ಲಿ ಜರ್ಮನ್ ಸಿಪಾಯಿಗಳು ಪುಟಪುಟಕ್ಕೂ 'ಆಖ್ತುಂಗ್!' ಎಂದು ಚೀರುತ್ತ ಸಾಯುತ್ತಾರೆ. ಕಾಲೇಜಿನಲ್ಲಿ ಕಲಿತದ್ದೆಲ್ಲ ಮರೆತುಹೋಗಿ ಆಖ್ತುಂಗ್ ಒಂದೇ ಉಳಿಯಿತು. ಇಂದಿಗೂ ಅಂಗಳದಲ್ಲಿ ಒಣಹಾಕಿದ ಸಂಡಿಗೆಗೆ ಆಡು ಬಾಯಿ ಹಾಕಿದರೆ ಕಾಕೂ ಕೋಲು ಹುಡುಕುತ್ತಾರೆ, ಕಾಕಾ ಕೂತಲ್ಲಿಂದಲೇ 'ಆಖ್ತುಂಗ್!' ಎಂದು ಗರ್ಜಿಸುತ್ತಾರೆ. ಆಡು ಹೆದರುವುದು ಕೋಲಿಗೆ ಮಾತ್ರ.

ಈ ಲೋಕದಲ್ಲಿ ಪುಸ್ತಕಕ್ಕೆ ದರ್ಜೆಗಳುಂಟು. ಅಚ್ಚಿನ ಮನೆಯಿಂದ ಈಗಷ್ಟೇ ಬಂದಂತಿದ್ದರೆ ಮಿಂಟ್, ಅಲ್ಲಿಂದ ಇಳಿಯುತ್ತ ಫೈನ್, ವೆರಿ ಗುಡ್, ಗುಡ್, ಫೇರ್, ಕಟ್ಟಕಡೆಗೆ ಪೂರ್. ಪುಸ್ತಕ ಕೈಗೆ ಬಂದರೆ ಕಾಕಾ ಕತೆ ಓದುವುದಿಲ್ಲ. ಮೊದಲು ಬೆನ್ನು ಸವರುತ್ತಾರೆ, ಆಮೇಲೆ ನಡುವಿನ ಹಾಳೆ ಬಿಡಿಸಿ ಪಿನ್ನು ನೋಡುತ್ತಾರೆ. ಪಿನ್ನಿಗೆ ಜಂಗು ಹಿಡಿದಿದ್ದರೆ ಮುಖ ಅರಳುತ್ತದೆ: "ಒರಿಜಿನಲ್ ಐತಿ!" ಪಿನ್ನು ಹೊಳೆಯುತ್ತಿದ್ದರೆ ಯಾರೋ ಬದಲಿಸಿದ್ದಾರೆ ಎಂದು ಲೆಕ್ಕ, ಅವತ್ತು ಊಟ ಸೇರುವುದಿಲ್ಲ. ಹರಿದ ಪುಟಕ್ಕೆ ಸೆಲ್ಲೋಟೇಪು ಹಚ್ಚಿದವರಿಗಾಗಿ ನರಕದಲ್ಲಿ ಬೇರೆ ಓಣಿಯೇ ಇದೆ ಎಂಬುದು ಅವರ ನಂಬಿಕೆ. ಹೋದ ಸಲ ಡಾಕ್ಟರು ಹೇಗಿದ್ದೀರಿ ಎಂದು ಕೇಳಿದಾಗ, "ಮೊಣಕಾಲು ಫೇರ್, ಹಲ್ಲು ಪೂರ್, ಬೆನ್ನು ಮಾತ್ರ ಒರಿಜಿನಲ್ ನೋಡ್ರಿ, ರಿಪೇರಿ ಮಾಡಿಸಿಲ್ಲ," ಎಂದು ವರದಿ ಕೊಟ್ಟರು.

ಕಾಕಾನ ಬಳಿ ಒಂದು ಸಿದ್ಧಾಂತವೂ ಇದೆ. ಚಹಾ ಕುಡಿಸಿದರೆ ಹೇಳುತ್ತಾರೆ, ಕುಡಿಸದಿದ್ದರೂ ಹೇಳುತ್ತಾರೆ. ಅದೇ ಡಂಡೀಯ ಕಂಪನಿ 1937ರ ಡಿಸೆಂಬರ್ 4ರಂದು 'ಡ್ಯಾಂಡಿ'ಯನ್ನೂ 1938ರ ಜುಲೈ 30ರಂದು 'ಬೀನೊ'ವನ್ನೂ ಹೊರತಂದಿತು. ಮಕ್ಕಳ ವಾರಪತ್ರಿಕೆಗಳು, ಬೆಲೆ ಎರಡು ಪೆನ್ನಿ, ಲಕ್ಷಗಟ್ಟಲೆ ಅಚ್ಚು. ಅಷ್ಟರಲ್ಲಿ ಯುದ್ಧ ಬಂತು. ಕಾಗದ ಸಾಲದೆ ಎರಡೂ ವಾರ ಬಿಟ್ಟು ವಾರ ಬರತೊಡಗಿದವು. ಹಳೆಯ ಕಾಗದ ಕೊಟ್ಟು ಯುದ್ಧಕ್ಕೆ ನೆರವಾಗಿ ಎಂದು ಸರಕಾರ ಮನೆಮನೆಗೆ ಸಾರಿತು. ತಾಯಂದಿರು ಮಕ್ಕಳ ಮಂಚದ ಕೆಳಗಿನದನ್ನೆಲ್ಲ ಗುಡಿಸಿ ಕೊಟ್ಟರು. ಕೊಡಲು ಮರೆತ ನಾಲ್ಕಾರು ಮನೆಗಳ ಮೊಮ್ಮಕ್ಕಳು ಉದ್ಧಾರವಾದರು. 2004ರಲ್ಲಿ ಡ್ಯಾಂಡಿಯ ಮೊದಲ ಸಂಚಿಕೆ, ಅದರೊಂದಿಗೆ ಅಂದು ಪುಕ್ಕಟೆ ಕೊಟ್ಟಿದ್ದ ಪೀಪಿಯ ಸಮೇತ, 20,350 ಪೌಂಡಿಗೆ ಲಿಲಾವಾಯಿತು. ಆಗಿನ ಲೆಕ್ಕದಲ್ಲಿ 16 ಲಕ್ಷ ರೂಪಾಯಿಗೂ ಮೇಲೆ.

"ರೇಟ್ ಬರೂದು ಚಿತ್ರಕ್ಕಲ್ಲ, ಕತಿಗೂ ಅಲ್ಲ," ಎಂದು ಕಾಕಾ ಬೆರಳೆತ್ತುತ್ತಾರೆ. "ಉಳಿದ ಮಂದಿ ರದ್ದಿಗೆ ಹಾಕ್ಯಾರ, ಅದಕ್ಕ!"

"ಪೀಪಿ ಜಾತ್ರ್ಯಾಗ ಹತ್ತು ರೂಪಾಯಿಗೆ ಸಿಗತಾವು," ಎಂದು ಒಳಗಿನಿಂದ ಕಾಕೂ.

ಈ ಸಿದ್ಧಾಂತದ ಪ್ರಕಾರ ಕಾಕಾ ರದ್ದಿಯವನ ಫೋಟೋ ಹಾಕಿಸಿ ದಿನಾ ಊದಿನಕಡ್ಡಿ ಬೆಳಗಬೇಕು. ಆದರೆ ಓಣಿಯಲ್ಲಿ 'ರದ್ದೀ ಪೇಪರ್' ಎಂಬ ಕೂಗು ಕೇಳಿದ್ದೇ ತಡ, ಎದ್ದು ಹೋಗಿ ತಮ್ಮ ಕಾಮಿಕ್ಸ್ ಟ್ರಂಕಿನ ಮೇಲೆ ಕೂತುಬಿಡುತ್ತಾರೆ. ಕೂಗು ಮುಂದಿನ ಓಣಿಗೆ ಹೋಗುವವರೆಗೂ ಇಳಿಯುವುದಿಲ್ಲ.

ಅಕ್ಟೋಬರಿನ ಕಿತ್ತೂರು ಉತ್ಸವ ಅವರಿಗೆ ಸುಗ್ಗಿ. ಮಂದಿ ಕೋಟೆ ನೋಡಿ, ಮಿರ್ಚಿ ಭಜಿ ತಿಂದು ತಿರುಗುತ್ತಿದ್ದರೆ ಕಾಕಾ ಯಾವನಾದರೂ ಶಾಲೆಯ ಹುಡುಗನನ್ನು ಹಿಡಿದು ನಿಲ್ಲಿಸುತ್ತಾರೆ.

"1824ರ ಅಕ್ಟೋಬರ್ 23ಕ್ಕ ಇಲ್ಲಿ ಸತ್ತ ಥ್ಯಾಕರೆ ಯಾರಪಾ?"

"ಧಾರವಾಡದ ಕಲೆಕ್ಟರ್ ರೀ. ಅಮಟೂರ ಬಾಳಪ್ಪ ಹೊಡದಾನ್ರಿ."

"ಹೊಡದದ್ದು ಎಲ್ಲಾರಿಗೂ ಗೊತ್ತೈತಿ. ಸತ್ತಾಂವ ಯಾರಿಗೆ ಏನಾಗಬೇಕು, ಅದನ್ನ ಹೇಳು."

ಹುಡುಗನ ಪಠ್ಯಪುಸ್ತಕದಲ್ಲಿ ಅದಿಲ್ಲ. ಆ ಸೇಂಟ್ ಜಾನ್ ಥ್ಯಾಕರೆ, ಮುಂದೆ 'ವ್ಯಾನಿಟಿ ಫೇರ್' ಕಾದಂಬರಿ ಬರೆದ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯ ಖಾಸಾ ಕಾಕಾ. ಕಿತ್ತೂರಿನ ಯುದ್ಧ ನಡೆದಾಗ ಅಣ್ಣನ ಮಗ ಇಂಗ್ಲೆಂಡಿನಲ್ಲಿ ಸಾಲಿ ಕಲಿಯುತ್ತಿದ್ದ 13 ವರ್ಷದ ಪೋರ. ದೊಡ್ಡವನಾಗಿ, 1841ರಲ್ಲಿ ಶುರುವಾದ 'ಪಂಚ್' ಎಂಬ ನಗೆಪತ್ರಿಕೆಗೆ ಬರೆದ. ಬರಹಕ್ಕೆ ಚಿತ್ರಗಳನ್ನೂ ತಾನೇ ಬಿಡಿಸಿದ. ಇಲ್ಲಿಯವರೆಗೆ ಚರಿತ್ರೆ. ಮುಂದಿನದು ನಮ್ಮ ಕಾಕಾನ ಸ್ವಂತ ಸಂಶೋಧನೆ: "ಬ್ರಿಟಿಷ್ ವ್ಯಂಗ್ಯಚಿತ್ರದ ಮನಿತನಕ್ಕ ಸೂತಕ ತಂದವರು ನಾವು. ಹಂಗಾಗಿ ಪಂಚ್ ಮ್ಯಾಲ ನಮ್ಮದೂ ಒಂದ ಹಕ್ಕು ಐತಿ." ಹಕ್ಕು ಸಾಬೀತಾಗುವ ಹೊತ್ತಿಗೆ ಹುಡುಗ ಐಸ್‌ಕ್ರೀಮಿನ ಗಾಡಿಯ ಹತ್ತಿರ ಇರುತ್ತಾನೆ.

ರಾಮದುರ್ಗದಲ್ಲಿ ಸಂಸ್ಥಾನವಿತ್ತು. ಸಂಸ್ಥಾನವೆಂದರೆ ವಾಡೆ, ವಾಡೆಯೆಂದರೆ ಅಟ್ಟ, ಅಟ್ಟವೆಂದರೆ 'ಪಂಚ್'ನ ಹಳೆಯ ಸಂಪುಟ: ಕಾಕಾನ ತರ್ಕ ಹೀಗೆ ಒಂದೊಂದೇ ಮೆಟ್ಟಿಲು ಏರುತ್ತದೆ. ಪರಿಚಯದವರ ಹಳೆಯ ಮನೆಯಲ್ಲಿ ಒಮ್ಮೆ ಅಟ್ಟ ಹತ್ತಲು ಪರವಾನಗಿ ಸಿಕ್ಕಿತು. ಇಳಿದಾಗ ತಲೆಯ ತುಂಬ ಜೇಡರ ಬಲೆ, ಕೈಯಲ್ಲಿ ಕೆಂಪು ಬಟ್ಟೆ ಸುತ್ತಿದ ದಫ್ತರ. ಬಿಚ್ಚಿದರೆ ಮೋಡಿ ಲಿಪಿಯ ಜಮಾ-ಖರ್ಚು. ಮನೆಯ ಯಜಮಾನರು ಆಸೆಯಿಂದ, "ಓದಾಕ ಬರತೈತೇನ್ರಿ? ಹೊಲದ್ದೊಂದು ತಕರಾರು ನಡದೈತಿ," ಎಂದರು. ಕಾಕಾನಿಗೆ ಮೋಡಿಯ ಒಂದಕ್ಷರವೂ ಬಾರದು. ಆದರೂ ಭೂತಗನ್ನಡಿ ಹಿಡಿದು ಮೂರು ಪುಟ ತಿರುವಿ, "ಬೈಂಡಿಂಗ್ ವೆರಿ ಗುಡ್," ಎಂದು ಸರ್ಟಿಫಿಕೇಟ್ ಕೊಟ್ಟು ಬಂದರು.

ಸವದತ್ತಿಯ ಕತೆ ಇನ್ನೊಂದು. ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡದ ತುಂಬ ಜನ; ಎಲ್ಲಿ ನೋಡಿದರೂ ಭಂಡಾರದ ಹಳದಿ, ಕಿವಿ ತುಂಬ ಉಧೋ ಉಧೋ. ಕಾಕೂ ದರ್ಶನದ ಸಾಲಿನಲ್ಲಿ ನಿಂತರು, ಕಾಕಾ ಚುರಮುರಿ ಅಂಗಡಿಯ ಮುಂದೆ ನಿಂತರು. ಕೈಗೆ ಬಂದ ಪೊಟ್ಟಣದ ಮೇಲೆ, ಎಣ್ಣೆಯಲ್ಲಿ ನೆನೆದು, ಹೆಗಲ ಮೇಲೆ ಹೆಣ ಹೊತ್ತ ವಿಕ್ರಮಾದಿತ್ಯ! ಹಳೆಯ 'ಚಂದಮಾಮ'ದ ಪುಟ. ಮದ್ರಾಸಿನಿಂದ ಕನ್ನಡದಲ್ಲಿ 1949ರ ಜುಲೈನಿಂದ ಬರುತ್ತಿದ್ದ ಪತ್ರಿಕೆ; ಕತ್ತಿ ಹಿಡಿದ ಆ ರಾಜನನ್ನೂ ಹೆಗಲ ಮೇಲಿನ ಹೆಣವನ್ನೂ ಬರೆದ ಚಿತ್ರಕಾರ ಶಂಕರ್. ಕಾಕಾ ಇದ್ದಷ್ಟು ಪುಟ ಕೊಡು ಎಂದರು. ಅಂಗಡಿಯವ ಹುಷಾರಿ: "ಬರೇ ಹಾಳಿ ಮಾರೂದಿಲ್ರಿ, ಚುರಮುರಿ ತಗೋರಿ." ಬೇತಾಳ ಪ್ರಶ್ನೆ ಕೇಳುವ ಪುಟ ಎರಡನೆಯ ಪೊಟ್ಟಣಕ್ಕೆ ಸಿಕ್ಕಿತು. ರಾಜನ ಉತ್ತರಕ್ಕಾಗಿ ಕಾಕಾ ತಿನ್ನುತ್ತಲೇ ಹೋದರು. ಉತ್ತರ ಬರುವ ಮೊದಲೇ ಹೊಟ್ಟೆ ಮಾತಾಡಿತು. ಮನೆಗೆ ಬಂದು ವಹಿಯಲ್ಲಿ ನಮೂದಿಸಿದ್ದು ಹೀಗೆ: 'ಚಂದಮಾಮ, ಬಿಡಿ ಪುಟಗಳು. ಸ್ಥಿತಿ: ಗುಡ್. ಎಣ್ಣೆಯ ಕಲೆ ಇದೆ, ಕಲೆ ಒರಿಜಿನಲ್.'

ಪುಸ್ತಕಕ್ಕಿಂತ ಮೇಲಿನ ಚಟ ಮೂಲಚಿತ್ರದ್ದು. ಅಚ್ಚಾಗುವ ಅಳತೆಗಿಂತ ದೊಡ್ಡ ಹಾಳೆಯ ಮೇಲೆ ಕಪ್ಪು ಶಾಯಿಯ ಗೆರೆ, ಕೈ ತಪ್ಪಿದಲ್ಲಿ ಬಿಳಿ ಬಣ್ಣದ ತೇಪೆ, ಮಾತುಗಳನ್ನು ಬೇರೆ ಕಾಗದದಲ್ಲಿ ಬರೆದು ಅಂಟಿಸಿದ್ದು, ಆ ಅಂಟು ಹಳದಿಗಟ್ಟಿದ್ದು. ಬ್ರಿಟನ್ನಿನ ಕಾಮಿಕ್ಸ್ ಕಂಪನಿಗಳಲ್ಲಿ ಇವನ್ನು ಕಲಾವಿದರಿಗೆ ಮರಳಿಸುವ ರೂಢಿ ಬಹುಕಾಲ ಇರಲಿಲ್ಲ. ಥಾಮ್ಸನ್ ಕಂಪನಿಯಂತೂ ದಶಕಗಟ್ಟಲೆ ಸಹಿ ಹಾಕಲೂ ಬಿಡಲಿಲ್ಲ. 'ಬೀನೊ'ದಲ್ಲಿ 'ಬ್ಯಾಶ್ ಸ್ಟ್ರೀಟ್ ಕಿಡ್ಸ್' ಎಂಬ ತುಂಟರ ದಂಡು ಸೃಷ್ಟಿಸಿದ ಲಿಯೋ ಬ್ಯಾಕ್ಸೆಂಡೇಲ್ ತನ್ನ ಪಾತ್ರಗಳ ಹಕ್ಕಿಗಾಗಿ ಏಳು ವರ್ಷ ಖಟ್ಲೆ ನಡೆಸಿ, 1987ರಲ್ಲಿ ಕೋರ್ಟಿನ ಹೊರಗೆ ರಾಜಿಯಾದ. "ಏಳ ವರ್ಷ ಅಂದ್ರ ಲಗೂನ ಮುಗೀತು," ಎಂದರು ಇದನ್ನು ಕೇಳಿದ ಓಣಿಯ ವಕೀಲರು.

ಕಾಕಾನ ಪಡಸಾಲೆಯಲ್ಲಿ ಬಸವಣ್ಣನ ಫೋಟೋದ ಪಕ್ಕಕ್ಕೆ ಇಂಥದೊಂದು ಹಾಳೆ ಗಾಜಿನ ಚೌಕಟ್ಟಿನಲ್ಲಿದೆ.

"ಯಾರ ಬರದದ್ರಿ?"

"ಸಹಿ ಇಲ್ಲ ನೋಡು."

"ಹಂಗಾದ್ರ ಡುಪ್ಲಿಕೇಟ್ ಇರಬೇಕ್ರಿ."

"ಏ ಹುಚ್ಚಪ್ಪಾ, ಸಹಿ ಇಲ್ಲಂತನ ಒರಿಜಿನಲ್!"

ಈಗ ಲಿಲಾವು ಫೋನಿಗೇ ಬಂದಿದೆ. ಗುಡಿಯ ಕಟ್ಟೆಯ ಮೇಲೆ ದೇವರ ತೆಂಗಿನಕಾಯಿ ಲಿಲಾವಿಗಿಟ್ಟಾಗ, ಅಂಗಡಿಯಲ್ಲಿ ಮೂವತ್ತಕ್ಕೆ ಸಿಗುವ ಕಾಯಿಗೆ ಸಾವಿರಗಟ್ಟಲೆ ಏರಿಸುವ ಊರು ನಮ್ಮದು, ಹುರುಪಿಗೆ ಕೊರತೆಯಿಲ್ಲ. ಲಂಡನ್ನಿನಲ್ಲಿ ಮಧ್ಯಾಹ್ನ ಲಿಲಾವು ನಡೆದರೆ ಇಲ್ಲಿ ಕಾಕೂ ರೊಟ್ಟಿ ಬಡಿಯುವ ಹೊತ್ತು. ಅವತ್ತು ಹಳೆಯ ಕಮಾಂಡೋಗಳ ಒಂದು ಕಟ್ಟು. 60 ಪೌಂಡಿನ ಮೇಲೆ ಹೋಗುವುದಿಲ್ಲ ಎಂದು ಕಾಕಾ ಮೊದಲೇ ಆಣೆ ಮಾಡಿದ್ದರು. 60 ದಾಟಿತು. ಕಾಕಾ ಎದ್ದು ನಿಂತರು. 70 ಆಯಿತು. ಒಲೆಯ ಕಡೆ ನೋಡಿ, ದನಿ ತಗ್ಗಿಸಿ, ಬೆರಳು ಒತ್ತಿದರು. ಅಲ್ಲಿ ಯಾರೋ 80 ಎಂದ. "ಯಾಂವಲೇ ಅಂವ?" ಎಂದು ಕಾಕಾ ಫೋನಿಗೇ ಕೂಗಿದರು. ಅಷ್ಟರಲ್ಲಿ ಕರೆಂಟು ಹೋಗಿ ವೈಫೈ ಸತ್ತಿತು. ಕಾಕೂ ದೇವರ ಮುಂದೆ ಒಂದು ದೀಪ ಹೆಚ್ಚಿಗೆ ಹಚ್ಚಿದರು. ಕತ್ತಲಾಗಿದೆ ಎಂದೋ, ಹರಕೆ ತೀರಿತೆಂದೋ ಹೇಳಲಿಲ್ಲ.

ಕಾಕಾನಿಗೆ ಸೋಲಿನ ದುಃಖಕ್ಕಿಂತ ಅಲ್ಲಿಯ ವ್ಯವಹಾರದ ಮೇಲಿನ ಭಕ್ತಿ ದೊಡ್ಡದು. "ಕೊಂಡಾಂವನ ಕಡೆ ದಲಾಲಿ, ಮಾರಿದಾಂವನ ಕಡೇನೂ ದಲಾಲಿ. ಮ್ಯಾಲ ಪೋಸ್ಟು, ವಿಮೆ, ನಮ್ಮ ಕಸ್ಟಮ್ಸು. ಹೊಂಗಲದ ಪ್ಯಾಟ್ಯಾಗ ಹುಟ್ಟಿ ಬೆಳದ ನಮಗ ಇದು ಹೊಳೀಲೇ ಇಲ್ಲ ನೋಡ್ರಿ!"

ಇಷ್ಟಾದರೂ ಕಾಕಾನ ನಿಜವಾದ ಕನಸು ಲಂಡನ್ನಿನದಲ್ಲ. 'ಅಮರ ಚಿತ್ರ ಕಥೆ' ಮೊದಲು ಹೊರಬಂದದ್ದು ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಉಮೇದಿನಿಂದ. ಮೊದಲ 10 ಪುಸ್ತಕಗಳು ಪರದೇಶದ ಕಿನ್ನರ ಕತೆಗಳು. ಕಾರ್ಕಳದ ಅನಂತ ಪೈ ಅವರ 'ಕೃಷ್ಣ' ಬಂದದ್ದು ಆಮೇಲೆ, 11ನೆಯ ಸಂಖ್ಯೆಯಾಗಿ. ಆ ಮೊದಲ ಹತ್ತು ಕನ್ನಡ ಪುಸ್ತಕ, ಜೊತೆಗೆ ರಾ.ಶಿ. ಅವರು 1942ರಲ್ಲಿ ಶುರು ಮಾಡಿದ, ಎಳೆಯ ಆರ್.ಕೆ. ಲಕ್ಷ್ಮಣ್ ಚಿತ್ರ ಬರೆದ 'ಕೊರವಂಜಿ' ನಗೆಪತ್ರಿಕೆ: ಇಷ್ಟು ಸಿಕ್ಕರೆ ಬೀನೊ, ಡ್ಯಾಂಡಿ ಎರಡನ್ನೂ ನಿವಾಳಿಸಿ ಎಸೆಯುತ್ತೇನೆ ಎನ್ನುತ್ತಾರೆ.

ಮೊನ್ನೆ ಈ ಮಾತು ನಡೆದಾಗ ಕಾಕೂ ಶೇಂಗಾ ಸುಲಿಯುತ್ತಿದ್ದರು. "ಅಮರ ಚಿತ್ರ ಕಥಿ ಅಂದ್ರ ಆ ತೆಳ್ಳನ್ನ ಬಣ್ಣದ ಪುಸ್ತಕ ಏನ್ರಿ? ನಮ್ಮ ತವರಮನ್ಯಾಗ ಒಂದ ಗೋಣಿಚೀಲ ಇದ್ದುವು. ನಮ್ಮಣ್ಣ ತರತಿದ್ದ."

ಕಾಕಾನ ಚಹಾ ಬಸಿಯಲ್ಲೇ ನಿಂತಿತು. "ಈಗ ಎಲ್ಲ್ಯದಾವು?"

"ನಮ್ಮವ್ವ ರದ್ದಿಗೆ ಹಾಕಿದ್ಲು. ಬಂದ ರೊಕ್ಕದಾಗ ಒಂದ ಸ್ಟೀಲ್ ಡಬ್ಬಿ ತಗೊಂಡ್ಲು. ಅಕಾ, ನೀವ ಕೈಯಾಗ ಹಿಡಕೊಂಡ ಚೂಡಾದ ಡಬ್ಬಿನ ಅದು."

ಕಾಕಾನ ಬಾಯಿಂದ ಆಖ್ತುಂಗ್ ಕೂಡ ಹೊರಡಲಿಲ್ಲ. ಕಾಕೂ ಸಿಪ್ಪೆ ಊದಿ ಮುಂದುವರಿಸಿದರು: "ಅದಕ್ಯಾಕ ಮಾರಿ ಸಣ್ಣ ಮಾಡ್ತೀರಿ? ಮಂದಿ ರದ್ದಿಗೆ ಹಾಕಿದ್ದಕ್ಕ ನಿಮ್ಮ ಟ್ರಂಕಿಗೆ ರೇಟ್ ಬಂದೈತಿ ಅಂತ ನೀವ ಹೇಳ್ತೀರಿ. ಹಂಗಾದ್ರ ಅದರಾಗ ಅರ್ಧಾ ಪಾಲು ನಮ್ಮವ್ವಂದು. ದಲಾಲಿ ನಾ ಹಿಡಿಯೂದಿಲ್ಲ."

ಮೂವತ್ತು ವರ್ಷ ಲೆಕ್ಕ ಬರೆದ ಕಾಕಾ ಈ ಲೆಕ್ಕದಲ್ಲಿ ತಪ್ಪೆಲ್ಲಿದೆ ಎಂದು ಇನ್ನೂ ಹುಡುಕುತ್ತಿದ್ದಾರೆ.