ಬಾಲವಿಲ್ಲದ 4 ಲಕ್ಷ

ನಮ್ಮ ಅಕ್ಕನ ಮಗನಿಗೆ ಜಪಾನಿನಲ್ಲಿ ತಿಂಗಳಿಗೆ 4 ಲಕ್ಷ ಸಂಬಳ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಸಾಸ್ವೆಹಳ್ಳಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಿಂದ ಹೊರಟ ಈ ಸುದ್ದಿ ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಸುತ್ತಿಕೊಂಡು ನನ್ನ ಕಿವಿಗೇ ವಾಪಸು ಬರುವಷ್ಟರಲ್ಲಿ 5 ಲಕ್ಷವಾಗಿತ್ತು. ನಾಲ್ಕೋ ಐದೋ ಹಾಳಾಗಲಿ, ಯಾವ ಲಕ್ಷ ಎಂದು ಮೂರು ತಾಲೂಕಿನಲ್ಲಿ ಒಬ್ಬನೂ ಕೇಳಲಿಲ್ಲ. ಯೆನ್ ಎಂಬುದು ರೂಪಾಯಿಯ ದೊಡ್ಡಪ್ಪನಿರಬೇಕು ಎಂದೇ ಎಲ್ಲರ ನಂಬಿಕೆ. ಅದು ತಮ್ಮ ಎಂದು ಗೊತ್ತಿದ್ದವರು ಇಬ್ಬರೇ: ನಾನು, ಅಕ್ಕ. 2012ರಲ್ಲಿ ಒಂದು ಯೆನ್‌ಗೆ 65 ಪೈಸೆಯ ಮೇಲೆ ಸಿಗುತ್ತಿತ್ತು. 2024ರಲ್ಲಿ ಡಾಲರಿಗೆ 160 ಯೆನ್ ಆದಾಗ ಅದೇ ಯೆನ್ 50 ಪೈಸೆಯ ಆಸುಪಾಸಿಗೆ ಬಂದು ಕೂತಿತು. ಅಲ್ಲಿಗೆ 4 ಲಕ್ಷ 2 ಲಕ್ಷದ ಚಿಲ್ಲರೆ. ಅದರಲ್ಲಿ ಮನೆ ಬಾಡಿಗೆ, ವಿಮೆ, ಪಿಂಚಣಿ ಕಳೆಯಬೇಕು. ಎರಡನೇ ವರ್ಷದಿಂದ ನಿವಾಸಿ ತೆರಿಗೆ ಅಂತ ಇನ್ನೊಂದು. ಮೊದಲ ವರ್ಷ ಸುಮ್ಮನಿದ್ದು, ಹುಡುಗ ಖರ್ಚು ಮಾಡುವುದನ್ನು ಕಲಿತ ಮೇಲೆ ಬಂದು ಬಾಗಿಲು ತಟ್ಟುತ್ತದೆ.

"ಜನಕ್ಕೆ ಸರಿಯಾಗಿ ಹೇಳಬಾರದೇನೇ" ಅಂದೆ ಅಕ್ಕನಿಗೆ.

"ಸಂಖ್ಯೆ ಹೇಳಿದ್ರೆ ಸಾಕು ಕಣೋ. ಅದಕ್ಕೆ ಬಾಲ ಯಾಕೆ?" ಅಂದಳು.

ಅಳಿಯ ಅಲ್ಲಿಗೆ ಹೋದ ದಿನವೇ ಇನ್ನೊಂದು ವಿನಿಮಯ ನಡೆದುಹೋಗಿತ್ತು. ನಮ್ಮ ಕಡೆಯವರಿಗೆ ಮನೆತನದ ಹೆಸರೆಲ್ಲಿದೆ? ಹೆಸರಿನ ಮುಂದೊಂದು ಇನಿಷಿಯಲ್, ಅಷ್ಟೇ. ಪಾಸ್‌ಪೋರ್ಟಿನವರು ಬಿಡಿಸಿ ಬರಿ ಅಂದರು, ಇವನು ಎಸ್ ಬಿಡಿಸಿ ಸಾಸ್ವೆಹಳ್ಳಿ ಎಂದು ಬರೆದ. ಜಪಾನಿನವರು ಕರೆಯುವುದೇ ಮನೆತನದ ಹೆಸರಿನಿಂದ. ಅವರ ನಾಲಿಗೆಯಲ್ಲಿ 'ಲ' ನಿಲ್ಲುವುದಿಲ್ಲ, 'ವ'ಕಾರ 'ಬ' ಆಗುತ್ತದೆ. ಹಾಗಾಗಿ ವಾರ್ಡ್ ಆಫೀಸಿನಲ್ಲಿ, ಹಲ್ಲಿನ ಡಾಕ್ಟರ ಹತ್ತಿರ, ಎಲ್ಲೇ ಸರದಿ ಬಂದರೂ "ಸಾಸುಬೆಹಾರಿ-ಸಾನ್" ಎಂದು ಕೂಗಿ, ಸೊಂಟ ಬಗ್ಗಿಸಿ ಒಳಗೆ ಕರೆಯುತ್ತಾರೆ. ಓಟು ಕೇಳುವ ದಿನ ಬಿಟ್ಟರೆ ನಮ್ಮ ಹೋಬಳಿಗೆ ಯಾರೂ ಬಗ್ಗಿದ್ದು ನಾನಂತೂ ಕಂಡಿಲ್ಲ.

ಬ್ಯಾಂಕ್ ಖಾತೆಗೆ ಮೊಹರು ಬೇಕೆಂದರು. ಬೆರಳ ತುದಿಯಷ್ಟು ಅಗಲದ ದುಂಡನೆಯ ಮೊಹರಿನಲ್ಲಿ ಇಡೀ ಊರು ಹಿಡಿಸಲಿಲ್ಲ. ಕೆತ್ತುವವನು ವಿನಯದಿಂದ ಅರ್ಧಕ್ಕೆ ಕತ್ತರಿಸಿ 'ಸಾಸುಬೆ' ಎಂದಷ್ಟೇ ಕೊಟ್ಟ. ಹಳ್ಳಿ ಹೋಯಿತು, ಸಾಸಿವೆ ಉಳಿಯಿತು.

ಆ ಸಾಸಿವೆಯೇ ಮುಂದೆ ಹುಡುಗನ ಮಾನ ಕಳೆಯಿತು. ವೈಟುಕೆ ಗಾಬರಿಯ ಕಾಲದಲ್ಲಿ ಕಂಪ್ಯೂಟರಿನ ಇಸವಿ ತಿದ್ದಲು ಹೋದ ನಮ್ಮವರು ಟೋಕಿಯೋದ ನಿಶಿ-ಕಾಸಾಯ್ ಸುತ್ತಮುತ್ತ ಮನೆ ಮಾಡಿಕೊಂಡರು. ಇಸವಿ ಸರಿಯಾಯಿತು, ಜನ ಮಾತ್ರ ವಾಪಸು ಬರಲಿಲ್ಲ. ಅಲ್ಲಿಯ ಅಂಗಡಿಯಲ್ಲಿ ಬೇಳೆಯೂ ಉಂಟು, ಸಾಸಿವೆಯೂ ಉಂಟು. ಒಂದು ಭಾನುವಾರ ಇವನು ಮಂಡಕ್ಕಿಗೆ ಒಗ್ಗರಣೆ ಹಾಕಿದ. ಮಂಗಳವಾರ ಇವನಿದ್ದ ಕಟ್ಟಡದ ಪ್ರತಿ ಅಂಚೆಪೆಟ್ಟಿಗೆಯಲ್ಲೂ ಒಂದೊಂದು ಚೀಟಿ: ಇತ್ತೀಚೆಗೆ ಹೊಗೆ ಮತ್ತು ವಾಸನೆಯ ಬಗ್ಗೆ ದೂರು ಬಂದಿದೆ, ನಿವಾಸಿಗಳೆಲ್ಲರೂ ದಯವಿಟ್ಟು ಗಮನಿಸಬೇಕು. ಯಾರ ಹೆಸರೂ ಇಲ್ಲ. ಇವನ ಪೆಟ್ಟಿಗೆಯ ಚೀಟಿಯಲ್ಲಿ ಮಾತ್ರ ಕೆಳಗೆ ಇಂಗ್ಲಿಷ್ ಅನುವಾದವೂ ಇತ್ತು. ನಮ್ಮೂರಲ್ಲಾದರೆ ಪಕ್ಕದ ಮನೆಯವರು ಕೆಮ್ಮಿಕೊಂಡು ಬೈಯುತ್ತಲೇ ಬಂದು ಒಂದು ತಟ್ಟೆ ಇಸಿದುಕೊಂಡು ಹೋಗುತ್ತಿದ್ದರು.

ಇನ್ನು ಕೆಲಸ. ಕಾಗದವೇ ಇಲ್ಲದ ಆಫೀಸಿಗೆ ಸಾಫ್ಟ್‌ವೇರ್ ಬರೆಯುವ ತಂಡ ಇವನದು. ಅದರ ಯೋಜನೆಯನ್ನು ಮುದ್ರಿಸಿ, ನಾಲ್ಕು ಮೇಜಿಗೆ ಕಳಿಸಿ, ನಾಲ್ಕು ಮೊಹರು ಬಿದ್ದ ಮೇಲೆ ಕೋಡ್ ಶುರು. ನಗಬೇಡಿ. ಫ್ಲಾಪಿ ಡಿಸ್ಕಿನಲ್ಲೇ ದಾಖಲೆ ಕೊಡಬೇಕೆಂಬ ಸಾವಿರಕ್ಕೂ ಹೆಚ್ಚು ಸರ್ಕಾರಿ ನಿಯಮಗಳನ್ನು ಕಿತ್ತುಹಾಕಿ, ಫ್ಲಾಪಿ ಮೇಲಿನ ಯುದ್ಧ ಗೆದ್ದೆವು ಎಂದು ಅಲ್ಲಿನ ಡಿಜಿಟಲ್ ಮಂತ್ರಿ ತಾರೋ ಕೋನೋ ಸಾರಿದ್ದು 2024ರಲ್ಲಿ. ಅಷ್ಟರಲ್ಲಿ ನಮ್ಮ ಮಿರ್ಚಿ ಗಾಡಿಯವನು ಎಣ್ಣೆ ಕೈಯಲ್ಲೇ ಸ್ಕ್ಯಾನರ್ ತೋರಿಸಿ, ಪೆಟ್ಟಿಗೆ ದುಡ್ಡು ಬಂತೆಂದು ಕೂಗಿದ ಮೇಲೆ ಪೊಟ್ಟಣ ಕೊಡುತ್ತಿದ್ದ.

ಭಾಷೆ ಇವನಿಗೆ ಬೇಗ ಬಂತು. ಅವರ ವಾಕ್ಯವೂ ನಮ್ಮದರ ಹಾಗೇ, ಕ್ರಿಯಾಪದ ಕೊನೆಗೆ. ಹೂಂ ಅನ್ನುತ್ತಾನೋ ಊಹೂಂ ಅನ್ನುತ್ತಾನೋ ಎಂದು ಬಾಲ ಬರುವವರೆಗೂ ಕಾಯಬೇಕು. ಆದರೂ ಒಂದು ಮಾತಿಗೆ ಎಂಟು ತಿಂಗಳು ಮೋಸಹೋದ. ಇವನು ಏನೇ ಸಲಹೆ ಕೊಟ್ಟರೂ ಮೇಲಿನವರು "ಕೆಂತೋ ಶಿಮಸು" ಅನ್ನುತ್ತಿದ್ದರು. ಪರಿಶೀಲಿಸುತ್ತೇವೆ ಎಂದರ್ಥ. ಇವನು ಪ್ರತಿ ಸೋಮವಾರ ಪರಿಶೀಲನೆ ಮುಗಿಯಿತೇ ಎಂದು ಕೇಳಿ ಸಭೆಯ ಮುಖ ಬಾಡಿಸುತ್ತಿದ್ದ. ಕೊನೆಗೆ ಫೋನಿನಲ್ಲಿ ನಾನೇ ಹೇಳಬೇಕಾಯಿತು: "ಲೇ, ಅದು ನಮ್ಮ 'ನೋಡೋಣ ಬಿಡಿ' ಕಣೋ." ಸರ್ಕಾರಿ ಕಚೇರಿಗೆ ಮೂವತ್ತು ವರ್ಷ ಅಲೆದವನಿಗೆ ಯಾವ ಭಾಷೆಯೂ ಕಷ್ಟವಲ್ಲ.

2025ರಲ್ಲಿ ಅಲ್ಲಿ ಅಕ್ಕಿ ತುಟ್ಟಿಯಾಗಿ 5 ಕೆ.ಜಿ. ಚೀಲ 4,000 ಯೆನ್ ದಾಟಿತು. ಭತ್ತ ಬೆಳೆಯುವ ಮನೆಯ ಅಕ್ಕ, "ಅಕ್ಕಿ ಕಳಿಸ್ಲೇನೋ?" ಎಂದು ಕೇಳಿದಳು. ಅದೇ ವರ್ಷ ಮೇ ತಿಂಗಳಲ್ಲಿ ಅಲ್ಲಿನ ಕೃಷಿ ಮಂತ್ರಿ ತಾಕು ಎತೋ, ನಾನು ಅಕ್ಕಿ ಕೊಂಡವನೇ ಅಲ್ಲ, ಬೆಂಬಲಿಗರು ಬೇಕಾದಷ್ಟು ತಂದುಕೊಡುತ್ತಾರೆ ಎಂದು ಬಾಯಿಬಿಟ್ಟು ಕುರ್ಚಿ ಕಳಕೊಂಡರು. ಇದನ್ನು ಚಹಾದಂಗಡಿಯಲ್ಲಿ ವಿವರವಾಗಿ ಹೇಳಿದೆ. ಅದರಲ್ಲಿ ತಪ್ಪು ಯಾವುದು ಎಂದು ಅಲ್ಲಿದ್ದವರಿಗೆ ಹೊಳೆಯಲೇ ಇಲ್ಲ.

ಹುಡುಗನಿಗೆ 30 ಹತ್ತಿರವಾಯಿತು. ಜಪಾನಿನಲ್ಲಿ ನುರಿತ ಕೆಲಸಗಾರರ ವೀಸಾಕ್ಕೆ ಅಂಕಪಟ್ಟಿ ಉಂಟು. ಓದಿಗಿಷ್ಟು, ಸಂಬಳಕ್ಕಿಷ್ಟು, ಭಾಷೆಗಿಷ್ಟು. 70 ಬಂದರೆ ಪಾಸು, 80 ಬಂದರೆ ಒಂದೇ ವರ್ಷಕ್ಕೆ ಖಾಯಂ ವಾಸಕ್ಕೆ ಅರ್ಜಿ ಹಾಕಬಹುದು. ವಯಸ್ಸು 29ರ ಒಳಗಿದ್ದರೆ 15 ಅಂಕ, 30 ಆದರೆ 10, 35ಕ್ಕೆ 5, 40 ಆದವನಿಗೆ ಸೊನ್ನೆ. ನಮ್ಮ ಮದುವೆ ದಲ್ಲಾಳಿಗಳ ಪುಸ್ತಕ ಅವರ ಕೈಗೆ ಹೇಗೆ ಸಿಕ್ಕಿತೋ! ಎರಡೂ ಕಡೆ ಅಂಕ ಉದುರುವ ಮೊದಲೇ ಮುಗಿಸಬೇಕೆಂದು ಅಕ್ಕ ದೀಪಾವಳಿಗೆ ಕರೆಸಿ, ದಾವಣಗೆರೆಯಲ್ಲಿ ಹೆಣ್ಣು ನೋಡಿದಳು.

ಹೋಗಿದ್ದು ಅವನ ಜೊತೆ ಓದಿದ ಹುಡುಗನ ಕಾರಿನಲ್ಲಿ. ಊರಲ್ಲೇ ಉಳಿದು ತೋಟ ಮಾಡಿಕೊಂಡಿರುವವನು. ರಾಶಿ ಅಡಿಕೆ ಕ್ವಿಂಟಲಿಗೆ 50 ಸಾವಿರ ದಾಟಿದಾಗ ಕೊಂಡ ಕಾರು, ಸಾಲವಿಲ್ಲ. ಅವನಿಗೆ ಇದುವರೆಗೆ ಹನ್ನೊಂದು ಕಡೆ ಹೆಣ್ಣು ನೋಡಿ ಆಗಿದೆ. ತೋಟದವನಿಗೆ ಕೊಡುವುದಿಲ್ಲವಂತೆ. ಒಳಗೆ ಬಾರೋ ಅಂದರೂ ಬರಲಿಲ್ಲ, ಕಾರಿನಲ್ಲೇ ಕೂತ.

ಉಪ್ಪಿಟ್ಟು, ಕೇಸರಿಬಾತು ಬಂತು. 4 ಲಕ್ಷವೂ ಬಂತು, ಬಾಲವಿಲ್ಲದೆ. ಹುಡುಗಿ ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿರುವವಳು. ತಲೆಯೆತ್ತಿ ಮೆಲ್ಲಗೆ, "ರೂಪಾಯಿನಾ, ಯೆನ್ನಾ?" ಅಂದಳು.

ಅಕ್ಕ ಕೇಸರಿಬಾತಿನಲ್ಲಿ ದ್ರಾಕ್ಷಿ ಹುಡುಕತೊಡಗಿದಳು.

"ಟ್ಯಾಕ್ಸ್ ಹಿಡಿದ ಮೇಲಾ, ಮೊದಲಾ?"

ಅಳಿಯ ಅಭ್ಯಾಸಬಲದಿಂದ ಸೊಂಟ ಬಗ್ಗಿಸಿ ಎಲ್ಲ ಲೆಕ್ಕವನ್ನೂ ಒಪ್ಪಿಸಿದ, ನಿವಾಸಿ ತೆರಿಗೆಯ ಸಮೇತ. ಹುಡುಗಿಯ ತಂದೆ ನಮ್ಮನ್ನು ಬಾಗಿಲವರೆಗೂ ಬಂದು ಬೀಳ್ಕೊಟ್ಟರು. "ನೋಡೋಣ ಬಿಡಿ" ಅಂದರು.

ಕಾರು ಹೊನ್ನಾಳಿ ರಸ್ತೆ ಹಿಡಿಯಿತು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

"ಏನಂದ್ರಲೇ?" ಎಂದು ತೋಟದವನು ಕೇಳಿದ.

"ಕೆಂತೋ ಶಿಮಸು."

"ಹಂಗಂದ್ರೆ?"

"ನಿಂಗೆ ಹೇಳಿ ಕಳಿಸ್ತಾರಲ್ಲ, ಅದೇ."